ಗುಡಾಣದ ಮೇಲಿನ ಗುಂಡುಕಲ್ಲು

ನಮ್ಮ ತಾರಸಿಯ ಮೂಲೆಯಲ್ಲಿ, ನೀರಿನ ಟ್ಯಾಂಕಿನ ನೆರಳು ಬಿಡದೆ ಬೀಳುವ ಜಾಗದಲ್ಲಿ, ಹೊಟ್ಟೆ ಉಬ್ಬಿದ ಒಂದು ಮಣ್ಣಿನ ಗುಡಾಣವಿದೆ. ಅದರ ಬಾಯಿಗೆ ಒಂದು ಹಲಗೆ. ಹಲಗೆಯ ಮೇಲೆ ನಮ್ಮಜ್ಜಿಯ ಕಾಲದ ಗುಂಡುಕಲ್ಲು. ಈ ಗುಂಡಿಗೆ ಜೊತೆಯಾಗಿದ್ದ ಒರಳು, ಮನೆಗೆ ಗ್ರೈಂಡರ್ ಬಂದ ಮೇಲೆ ಅನಾದರಕ್ಕೊಳಗಾಗಿ, ಒಂದು ಬಾಡಿಗೆಮನೆಯಿಂದ ಇನ್ನೊಂದಕ್ಕೆ ಸಾಮಾನು ಸಾಗಿಸುವ ಗಡಿಬಿಡಿಯಲ್ಲಿ ಎಲ್ಲೋ ಹಿಂದುಳಿಯಿತು. ಗುಂಡು ಮಾತ್ರ ವಿಧುರನ ಹಾಗೆ ನಮ್ಮ ಜೊತೆಗೇ ಉರುಳಿಕೊಂಡು ಬಂತು. ಎಷ್ಟೋ ಯುಗಾದಿಗಳ ಹೂರಣವನ್ನು ನುಣ್ಣಗೆ ಮಾಡಿದ ಕಲ್ಲು ಈಗ ಕಸದ ಮೇಲೆ ಕೂತಿದೆಯಲ್ಲ ಎಂದು ನೀವು ಮರುಗಬೇಕಾಗಿಲ್ಲ. ನಿವೃತ್ತಿಯಾದ ಮೇಲೆ ಕಾವಲುಗಾರನ ಕೆಲಸಕ್ಕೆ ಸೇರಿಕೊಂಡವರು ನಮ್ಮ ಬಡಾವಣೆಯಲ್ಲಿ ಬೇಕಾದಷ್ಟು ಜನ ಇದ್ದಾರೆ. ಕಲ್ಲಿನ ತಲೆಯ ಒಂದು ಪಕ್ಕದಲ್ಲಿ ಚಕ್ಕೆ ಎದ್ದ ಗುರುತಿದೆ. ಆ ಗುರುತು ಸದಾ ಟ್ಯಾಂಕಿನ ಕಡೆಗೇ ಮುಖ ಮಾಡಿರುವಂತೆ ನಾನು ಇಡುತ್ತಿದ್ದೆ. ಯಾಕೆ ಎಂದರೆ, ಬೇರೆ ಯಾರಾದರೂ ಅದನ್ನು ಎತ್ತಿಟ್ಟರೆ ನನಗೆ ತಿಳಿಯಲಿ ಎಂದು.

ನಗಬೇಡಿ. ಕಾರ್ಖಾನೆಯೊಂದರ ತಪಾಸಣೆ ವಿಭಾಗದಲ್ಲಿ ಅರ್ಧ ಆಯುಷ್ಯ ಸವೆಸಿದವನು ನಾನು. ಕೈಗೆ ಬಂದ ಪ್ರತಿ ವಸ್ತುವಿನಲ್ಲೂ ಒಂದು ದೋಷ ಅಡಗಿದೆ, ಅದು ಕಾಣುತ್ತಿಲ್ಲವೆಂದರೆ ನಾನಿನ್ನೂ ಸರಿಯಾಗಿ ನೋಡಿಲ್ಲ ಎಂಬುದು ನನ್ನ ವೃತ್ತಿಯ ಮೂಲಮಂತ್ರ. ವೃತ್ತಿಯನ್ನು ಗೇಟಿನಲ್ಲೇ ಬಿಟ್ಟು ಮನೆಗೆ ಬರುವ ಪುಣ್ಯವಂತರು ಇರಬಹುದು. ನಾನು ಟಿಫನ್ ಡಬ್ಬಿಯ ಜೊತೆಗೆ ಅದನ್ನೂ ತಂದುಬಿಡುತ್ತೇನೆ. ಬಾಗಿಲಿಗೆ ಬೀಗ ಹಾಕಿ, ಜಗ್ಗಿ ನೋಡಿ, ಬೀದಿಯ ತಿರುವಿನ ತನಕ ಹೋಗಿ, ಜಗ್ಗಿದ್ದು ಬೇರೆ ದಿನವೋ ಏನೋ ಎಂದು ವಾಪಸು ಬಂದು ಇನ್ನೊಮ್ಮೆ ಜಗ್ಗುವವನು ನಾನು. ಅನುಮಾನಂ ಪೆದ್ದ ರೋಗಂ ಎಂದು ತೆಲುಗಿನವರು ಹೇಳಿಟ್ಟಿದ್ದಾರೆ. ರೋಗ ದೊಡ್ಡದು ನಿಜ, ಆದರೆ ಅದರಿಂದ ಸತ್ತವರಿಲ್ಲ. ಸಾಯುವುದು ಏನಿದ್ದರೂ ಪಕ್ಕದಲ್ಲಿರುವವರು ಎನ್ನುವುದು ನನ್ನ ಹೆಂಡತಿ ಸರೋಜಳ ಟಿಪ್ಪಣಿ.

ಈ ಗುಡಾಣ ನಮ್ಮ ಮನೆಗೆ ಬಂದದ್ದು ಹೊಸ ಶತಮಾನದ ಹೊಸತಿನಲ್ಲಿ. ಆಗಿನ್ನೂ ಹಸಿ ಕಸ, ಒಣ ಕಸ ಎಂಬ ಭೇದಭಾವ ಊರಿಗೆ ಬಂದಿರಲಿಲ್ಲ. ಪೀಪಿ ಊದುತ್ತ ಬರುವ ತಳ್ಳುಗಾಡಿಗೆ ಎಲ್ಲವನ್ನೂ ಒಂದೇ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಎಸೆದು ಕೈತೊಳೆದುಕೊಳ್ಳುತ್ತಿದ್ದೆವು. ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಕ್ಕೆ ಹೋದಾಗ ಯಾರೋ ಒಬ್ಬರು ತರಕಾರಿ ಸಿಪ್ಪೆ ಗೊಬ್ಬರವಾಗುವ ಬಗೆಯನ್ನು ತೋರಿಸುತ್ತ, ಅಂಗೈಯಲ್ಲಿ ಕಾಫಿಪುಡಿಯಂಥ ಕಪ್ಪು ಮಣ್ಣನ್ನು ಹಿಡಿದು ಮೂಸಲು ಕೊಟ್ಟರು. ಮೂಸಿದೆ. ಮೊದಲ ಮಳೆಯ ವಾಸನೆ. ಕಸದಿಂದ ಬಂದದ್ದಕ್ಕೆ ಈ ವಾಸನೆ ಸಾಧ್ಯವೇ ಇಲ್ಲ, ಇದರಲ್ಲೇನೋ ಮೋಸವಿದೆ ಎಂಬ ಗುಮಾನಿಯಿಂದಲೇ, ಅದನ್ನು ಸುಳ್ಳು ಮಾಡಿ ತೋರಿಸುವ ಛಲದಿಂದಲೇ, ಕನಕಪುರ ರಸ್ತೆಯ ಬದಿಯಲ್ಲಿ ಮಡಕೆ ಮಾರುವವರಿಂದ ಗುಡಾಣ ಕೊಂಡೆ. ಸುತ್ತಲೂ ಗಾಳಿಯಾಡಲು ತೂತು ಕೊರೆಸಿದೆ. ಬೀದಿಯ ಹೊಂಗೆಮರಗಳು ಉದುರಿಸಿದ ಎಲೆಯನ್ನು ಗೋಣಿಚೀಲದಲ್ಲಿ ತುಂಬಿ ತಂದೆ. ಒಂದು ಪದರ ಸಿಪ್ಪೆ, ಕಾಫಿ ಗಷ್ಟು. ಅದರ ಮೇಲೊಂದು ಪದರ ಒಣ ಎಲೆ. ಕೆಲವು ತಿಂಗಳಾದ ಮೇಲೆ ತಳ ಕೆದಕಿ ನೋಡಿದರೆ, ಅದೇ ಕಪ್ಪು, ಅದೇ ವಾಸನೆ. ಜೀವನದಲ್ಲಿ ನನ್ನ ಅನುಮಾನ ಸೋತದ್ದಕ್ಕೆ ನಾನು ಸಂತೋಷಪಟ್ಟ ಅಪರೂಪದ ಸಂದರ್ಭ ಅದು. ಬಂದವರಿಗೆಲ್ಲ ಕಾಫಿಗೆ ಮುಂಚೆ ಗೊಬ್ಬರ ಮೂಸಿಸುವ ಚಟ ಹತ್ತಿತು. ನೆಂಟರು ಬರುವುದು ಕಡಿಮೆಯಾಯಿತು.

ನೆಂಟರ ಜಾಗಕ್ಕೆ ನೊಣ ಬಂದವು.

ಶ್ರಾವಣ ಹಿಡಿದ ಮೇಲೆ ಬಂದವು. ಮನೆಗಳಲ್ಲಿ ಸಾಮಾನ್ಯವಾಗಿ ಕಾಣುವ ದಪ್ಪ ನೊಣವಲ್ಲ. ಹಣ್ಣಿನ ತಟ್ಟೆಯ ಮೇಲೆ ಆಡುವಂಥ, ಎಳ್ಳಿನ ಕಾಳಿಗೆ ರೆಕ್ಕೆ ಬಂದಂಥ ಪುಟ್ಟ ನೊಣ. ಹಲಗೆ ಸರಿಸಿದರೆ ಸಾಕು, ಗುಡಾಣ ಉಸಿರು ಬಿಟ್ಟ ಹಾಗೆ ಒಂದು ಹೊಗೆಯಂತೆ ಮೇಲೇಳುತ್ತಿದ್ದವು. ಬೇವಿನ ಹಿಂಡಿ ಹಾಕಿದೆ, ಅರಿಶಿನ ಚೆಲ್ಲಿದೆ, ನಿಂಬೆ ಸಿಪ್ಪೆ ಹರಡಿದೆ. ಅವು ಇದನ್ನೆಲ್ಲ ಊಟಕ್ಕೆ ಮುಂಚಿನ ಉಪ್ಪಿನಕಾಯಿ ಎಂದು ಭಾವಿಸಿದಂತೆ ತೋರಿತು. ನೊಣವನ್ನು ಬಹಳ ಹೊತ್ತು ನೋಡುತ್ತ ಕೂತರೆ ಒಂದು ವಿಷಯ ಗೊತ್ತಾಗುತ್ತದೆ: ಅದು ಎಲ್ಲಿ ಕೂತರೂ ನಿಶ್ಚಿಂತೆಯಿಂದ ಕೂರುವುದಿಲ್ಲ. ಮುಂಗೈಗಳನ್ನು ಉಜ್ಜುತ್ತದೆ, ತಲೆ ಸವರಿಕೊಳ್ಳುತ್ತದೆ, ಎದ್ದು ಹಾರಿ ಅದೇ ಜಾಗಕ್ಕೆ ಬಂದು ಮತ್ತೆ ಉಜ್ಜುತ್ತದೆ. ಬೀಗ ಹಾಕಿ ಬೀದಿಯ ತಿರುವಿಗೆ ಹೋಗಿ ವಾಪಸು ಬರುವವನು ನೆನಪಾಗಿ ನನಗೆ ಅದರ ಮೇಲೆ ಕೋಪ ಇನ್ನಷ್ಟು ಹೆಚ್ಚಿತು.

ನೊಣಗಳು ತಾರಸಿಯಲ್ಲೇ ಇದ್ದಿದ್ದರೆ ಸಂಸಾರ ನಡೆದುಹೋಗುತ್ತಿತ್ತು. ಅವು ಮೆಟ್ಟಿಲಿಳಿದು ಕೆಳಮನೆಗೂ ಹೋದವು. ನಾವಿರುವುದು ಬಿ.ಟಿ.ಎಂ. ಲೇಔಟಿನಲ್ಲಿ, ಮಹಡಿಯ ಬಾಡಿಗೆಮನೆಯಲ್ಲಿ. ಕೆಳಗೆ ಮಾಲೀಕರು, ಬಡಾವಣೆ ಆಗುವ ಮುಂಚೆ ಇದೇ ನೆಲದಲ್ಲಿ ರಾಗಿ, ಸೊಪ್ಪು ಬೆಳೆಯುತ್ತಿದ್ದ ಮನೆತನ. ಹಿರಿಯರಾದ ನಂಜಮ್ಮನವರು, ಸಿಮೆಂಟಿನ ವ್ಯಾಪಾರ ಮಾಡುವ ಅವರ ಮಗ, ಸೊಸೆ ಮಂಜುಳಾ. ಸಿಮೆಂಟಿನ ವ್ಯಾಪಾರಿಯ ಮನೆಯಾದ್ದರಿಂದ ಕಾಂಪೌಂಡಿನ ಒಳಗೆ ಮಣ್ಣು ಎಂಬುದು ಕಣ್ಣಿಗೆ ಬೀಳದ ಹಾಗೆ ಗೋಡೆಯಿಂದ ಗೋಡೆಗೆ ಹಾಸುಬಿಲ್ಲೆ. ಕಾರಿನ ಚಕ್ರಕ್ಕೂ ಧೂಳು ತಾಗದಂಥ ಶುಭ್ರತೆ. ಆ ಶುಭ್ರತೆಯ ಒಡತಿಯಾದ ಮಂಜುಳಾ ಒಂದು ಸಂಜೆ ಮೇಲೆ ಬಂದು, ಸರೋಜಳ ಕೈಗೆ ಹೂವು ಕೊಟ್ಟು, ಬಾಗಿಲಲ್ಲೇ ನಿಂತು ಹೇಳಿದಳು.

"ಆಂಟಿ, ಬೇಜಾರ್ ಮಾಡ್ಕೋಬೇಡಿ. ಗೌರಿ ಹಬ್ಬದೊಳಗೆ ನೊಣ ಹೋಗ್ಬೇಕು, ಇಲ್ಲ ಆ ಗುಡಾಣ ಹೋಗ್ಬೇಕು. ಅಂಕಲ್‌ಗೆ ನೀವೇ ಹೇಳಿ."

ಅಂಕಲ್ ಒಳಗಿನ ಕೋಣೆಯಲ್ಲಿ ಪತ್ರಿಕೆಯ ಹಿಂದೆ ಕೂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು.

ಗುಡಾಣ ಹೋಗುತ್ತದೆಂದರೆ ನನಗೆ ಸಂಕಟವಾದದ್ದು ನಿಜ. ಈ ಊರಿಗೆ ಬಂದು ಬದುಕಿದ ಇಷ್ಟು ವರ್ಷಗಳಲ್ಲಿ ನಾನು ತಪ್ಪು ಹುಡುಕಿದ್ದೇ ಹೊರತು ಏನನ್ನೂ ಮಾಡಿದವನಲ್ಲ. ಬೇರೆಯವರು ಮಾಡಿದ್ದಕ್ಕೆ ಸರಿ ಅಥವಾ ತಪ್ಪು ಎಂಬ ಮುದ್ರೆ ಒತ್ತಿದವನು. ಈ ಒಂದು ಹಿಡಿ ಕಪ್ಪು ಮಣ್ಣು ಮಾತ್ರ ನಾನೇ ಮಾಡಿದ್ದು. ಅದನ್ನು ತಳ್ಳುಗಾಡಿಗೆ ಎತ್ತಿ ಹಾಕುವುದೆಂದರೆ ಹೇಗೆ? ನನ್ನ ಪದರಗಳಲ್ಲಿ ದೋಷವಿಲ್ಲ ಎಂಬುದು ನನಗೆ ಖಚಿತವಾಗಿ ಗೊತ್ತು. ಹಾಗಾದರೆ ಇನ್ಯಾರೋ ಏನನ್ನೋ ಹಾಕುತ್ತಿದ್ದಾರೆ.

"ನೊಣಗಳಿಗೆ ಅಡ್ರೆಸ್ ಕೊಟ್ಟೋರು ಯಾರು ಅಂತ ಅವನ್ನೇ ಕೇಳಿ," ಎಂದಳು ಸರೋಜ.

ಮೊದಲ ಗುಮಾನಿ ಅವಳ ಮೇಲೆಯೇ ಬಿತ್ತು. ಹಳಸಿದ ಅನ್ನ ಸಾರನ್ನು ಸುರಿಯುತ್ತಿದ್ದಾಳೆಯೇ ಎಂದು ಪರೋಕ್ಷವಾಗಿ ವಿಚಾರಿಸಿದೆ. ಸುರಿಯುತ್ತಿದ್ದವನು ನಾನೇ ಎಂದು ಅವಳು ನೇರವಾಗಿ ನೆನಪಿಸಿದಳು. ಅದೇನೋ ಒಂದೆರಡು ಸಲ, ಅದೂ ಸ್ವಲ್ಪ. ಲೆಕ್ಕಕ್ಕಿಲ್ಲ ಎಂದು ಆ ಕಡತವನ್ನು ಮುಚ್ಚಿದೆ. ಗುಂಡುಕಲ್ಲಿನ ಚಕ್ಕೆಯನ್ನು ಟ್ಯಾಂಕಿನ ಕಡೆ ತಿರುಗಿಸಿಡುವ ಉಪಾಯ ಹೊಳೆದದ್ದು ಆಗಲೇ. ಮಂಗಳವಾರ ಸರಿ, ಬುಧವಾರ ಸರಿ, ಭಾನುವಾರದ ತನಕ ಎಲ್ಲವೂ ಸರಿ. ಸೋಮವಾರ ಸಂಜೆ ಕಾರ್ಖಾನೆಯಿಂದ ಬಂದು ನೋಡಿದರೆ ಚಕ್ಕೆ ಬೀದಿಯಾಚೆಯ ಪಾರ್ಕಿನ ಕಡೆಗೆ ಮುಖ ಮಾಡಿತ್ತು. ಮುಂದಿನ ಸೋಮವಾರವೂ ಹಾಗೆಯೇ. ಆ ಭಾರದ ಕಲ್ಲನ್ನು ಕಾಗೆ ಎತ್ತಲಾರದು, ಬೆಕ್ಕು ಸರಿಸಲಾರದು. ತೋಳಿನಲ್ಲಿ ಬಲವಿರುವ, ಹಗಲು ಹೊತ್ತು ಮನೆಯಲ್ಲಿರುವ, ತಾರಸಿಯಲ್ಲೇ ಓಡಾಡುವ ಮನುಷ್ಯಜೀವಿ ನಮ್ಮ ಕಟ್ಟಡದಲ್ಲಿ ಒಂದೇ ಒಂದು.

ತಾರಸಿಯ ಇನ್ನೊಂದು ತುದಿಯ ಒಂಟಿ ಕೋಣೆಯಲ್ಲಿ ಬಸವರಾಜ ಎಂಬ ತರುಣ ಬಾಡಿಗೆಗಿದ್ದ. ಗದಗಿನ ಕಡೆಯವನು; ಯಾವುದೋ ಕಚೇರಿಯಲ್ಲಿ ಮಧ್ಯಾಹ್ನದ ಪಾಳಿ. ಅವನ ಊರಿನಿಂದ ಗರಿಗರಿಯಾಗಿ ಒಣಗಿಸಿದ ಜೋಳದ ರೊಟ್ಟಿಯೂ ಶೇಂಗಾ ಹಿಂಡಿ ಎಂಬ ಚಟ್ನಿಪುಡಿಯೂ ಬಂದಾಗಲೆಲ್ಲ ನಮಗೊಂದು ಪಾಲು ತಪ್ಪದೆ ಇಳಿಯುತ್ತಿತ್ತು. ಇಲ್ಲಿಯ ತನಕ ಅದನ್ನು ಸ್ನೇಹವೆಂದುಕೊಂಡಿದ್ದೆ. ಈಗ ನೋಡಿದರೆ, ಕಾಮಾಲೆ ಕಣ್ಣಿಗೆ ಹಿಂಡಿಯೂ ಹಳದಿಯೇ: ಯಾಕೆ ಕೊಡುತ್ತಿದ್ದ? ಬಾಯಿ ಮುಚ್ಚಿಸುವುದಕ್ಕೇ? ಮೆಟ್ಟಿಲಲ್ಲಿ ಸಿಕ್ಕಿದಾಗ, ಗುಡಾಣಕ್ಕೆ ಏನಾದರೂ ಹಾಕುವುದಿದ್ದರೆ ಹೇಳಿ ಹಾಕಿದರೆ ಒಳ್ಳೆಯದು, ಹಾಕಿಲ್ಲವೆಂದರೆ ಪ್ರಶ್ನೆಯೇ ಇಲ್ಲ ಎಂದು, ಹಾಕಿದ್ದಾನೆ ಎಂಬುದು ಸ್ಪಷ್ಟವಾಗಿ ಕೇಳಿಸುವ ಧ್ವನಿಯಲ್ಲಿ ಹೇಳಿದೆ. ಅವನ ಮುಖ ಸಣ್ಣದಾಯಿತು.

"ನಾ ಅಂತೂ ಏನೂ ಹಾಕಿಲ್ರಿ ಸರ," ಎಂದ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗಿತ್ತು ಆ ಮಾತು. "ನಾ ಅಂತೂ" ಎಂದರೇನು? ಆ ತಿಂಗಳು ಹಿಂಡಿ ಬರಲಿಲ್ಲ. ಅವನ ಕೋಣೆಯ ಬಾಗಿಲು ನನ್ನ ಹೆಜ್ಜೆ ಸದ್ದಿಗೆ ಮುಚ್ಚಿಕೊಳ್ಳತೊಡಗಿತು. ಮುಚ್ಚಿದ ಬಾಗಿಲು ನನ್ನಂಥವನಿಗೆ ತಪ್ಪೊಪ್ಪಿಗೆಗೆ ಸಮಾನ.

ಶ್ರಾವಣದ ಕೊನೆಯ ಸೋಮವಾರ. ಹಬ್ಬ ಅದೇ ವಾರ. ಆ ದಿನ ಬೆಳಿಗ್ಗೆ ನಾನು ಎಂದಿನಂತೆ ಟಿಫನ್ ಚೀಲ ಹಿಡಿದು ಬಸ್‌ಸ್ಟಾಪಿಗೆ ಹೊರಟೆ. ಹೊರಟವನು ಬೀದಿಯ ತಿರುವಿನಿಂದ ಹಿಂದಿರುಗಿ, ಈ ಸಲ ಬೀಗ ಜಗ್ಗದೆ, ಹೊರಗಿನ ಮೆಟ್ಟಿಲಿನಲ್ಲಿ ಸದ್ದಿಲ್ಲದೆ ತಾರಸಿಗೆ ಹತ್ತಿ, ಟ್ಯಾಂಕಿಗೂ ಗೋಡೆಗೂ ನಡುವಿನ ಸಂದಿಯಲ್ಲಿ ಎಲೆಚೀಲದ ಮೇಲೆ ಕೂತೆ. ನೊಣದ ಸಲುವಾಗಿ ರಜೆ ಹಾಕಿದವನು ನಮ್ಮ ಕಾರ್ಖಾನೆಯ ಚರಿತ್ರೆಯಲ್ಲಿ ನಾನೊಬ್ಬನೇ ಇರಬೇಕು. ಕೂತದ್ದೇ ತಡ, ಒಂದು ಪುಟ್ಟ ನೊಣ ಬಂದು ಮೂಗಿನ ತುದಿಯ ಮೇಲೆ ಇಳಿದು ಕೈ ಉಜ್ಜತೊಡಗಿತು. ಓಡಿಸಿದರೆ ಎಲೆ ಸದ್ದಾಗುತ್ತದೆ. ಸುಮ್ಮನಿದ್ದೆ. ನಾವಿಬ್ಬರೂ ಅಷ್ಟು ಹತ್ತಿರದಿಂದ ಒಬ್ಬರನ್ನೊಬ್ಬರು ಎಂದೂ ನೋಡಿರಲಿಲ್ಲ.

ಮೆಟ್ಟಿಲಿನಿಂದ ಮೊದಲು ಬಂದದ್ದು ಬಸವರಾಜನ ಧ್ವನಿ.

"ಸಾವಕಾಶ ಬರ್ರಿ ಅಮ್ಮಾ, ಮೆಟ್ಟಲ ಹಸಿ ಅದಾವು."

ಅವನ ಕೈಯಲ್ಲಿ ಬಾಳೆಲೆಯ ಪೊಟ್ಟಣ. ಅವನ ಹಿಂದೆ, ಗೋಡೆ ಹಿಡಿದು, ಪ್ರತಿ ಮೆಟ್ಟಿಲಿಗೂ ನಿಂತು ಉಸಿರೆಳೆದುಕೊಳ್ಳುತ್ತ, ಸೆರಗಿನ ಮರೆಯಲ್ಲಿ ಹಿತ್ತಾಳೆ ಚೊಂಬು ಹಿಡಿದ ನಂಜಮ್ಮನವರು. ಬಸವರಾಜ ಗುಂಡುಕಲ್ಲನ್ನು ಎತ್ತಿ ಕೆಳಗಿಟ್ಟು, ಹಲಗೆ ಸರಿಸಿ, ಒಂದು ಹೆಜ್ಜೆ ಹಿಂದೆ ಸರಿದ. ಅಜ್ಜಿ ಪೊಟ್ಟಣ ಬಿಚ್ಚಿದರು. ಸೇವಂತಿಗೆ, ಬಿಲ್ವಪತ್ರೆ, ತುಂಬೆಹೂವು. ಆಮೇಲೆ ಚೊಂಬಿನಿಂದ ಅಭಿಷೇಕದ ಪಂಚಾಮೃತ: ಹಾಲು, ಮೊಸರು, ತುಪ್ಪ, ಜೇನುತುಪ್ಪ, ಸಕ್ಕರೆ, ಜೊತೆಗೆ ಕಿವುಚಿದ ಬಾಳೆಹಣ್ಣು. ಸೀಮೆಯ ನೊಣಗಳಿಗೆಲ್ಲ ಇದಕ್ಕಿಂತ ಚೆನ್ನಾದ ಆಮಂತ್ರಣವನ್ನು ಯಾರು ತಾನೇ ಕಳಿಸಿಯಾರು!

"ಎಂಜಲು ಹಾಕಲ್ಲ ತಾನೇ ಇದಕ್ಕೆ?" ಎಂದು ಕೇಳಿದರು ಅಜ್ಜಿ.

"ಬರೀ ಕಾಯಿಪಲ್ಯೆ ಸಿಪ್ಪಿ ಅಂತ್ರಿ."

"ಸೊಸೆ ಎಲ್ಲಾ ಕವರ್‌ಗೆ ಕಟ್ಟಿ ಕಸದ ಗಾಡಿಗೆ ಹಾಕು ಅಂತಾಳೆ. ತುಳಸಿ ಕುಂಡಕ್ಕೆ ಹಾಕಿದ್ರೆ ಇರುವೆ ಬರುತ್ತೆ ಅಂತಾಳೆ. ದೇವ್ರ ಹೂವು ಹಾಕೋಕೆ ಅಂಗೈ ಅಗಲ ಮಣ್ಣಿಲ್ವಲ್ಲೋ ಮಗಾ ಈ ಮನೇಲಿ. ಈ ಬೀದಿ ಉದ್ದಕ್ಕೂ ನಮ್ಮ ಹೊಲವೇ ಇತ್ತು." ಅವರು ಚೊಂಬನ್ನು ಬೋರಲಾಗಿ ಹಿಡಿದು ಕೊನೆಯ ತೊಟ್ಟನ್ನೂ ಇಳಿಸಿದರು. "ಮೇಲ್ಮನೆಯೋರಿಗೆ ಗೊತ್ತಾಗ್ಬಾರ್ದು. ಬಲೇ ಅನುಮಾನದ ಮನುಷ್ಯ. ಕಲ್ಲು ಹೆಂಗಿತ್ತೋ ಹಂಗೇ ಇಡು."

"ಹಂಗ ಇಟ್ಟೀನ್ರಿ," ಎಂದು ಬಸವರಾಜ ಕಲ್ಲನ್ನು, ಚಕ್ಕೆ ಪಾರ್ಕಿನ ಕಡೆಗೆ ಬರುವಂತೆ, ಬಹಳ ಎಚ್ಚರದಿಂದ ಇಟ್ಟ.

ಆಮೇಲೆ ನಂಜಮ್ಮನವರು ಮಾಡಿದ್ದನ್ನು ನಾನು ನಿಮಗೆ ಹೇಳಲೇಬೇಕು. ಗುಡಾಣದ ಮುಂದೆ ನಿಂತು, ಎರಡೂ ಕೈ ಜೋಡಿಸಿ, ಕಣ್ಣು ಮುಚ್ಚಿದರು. ಬದನೆತೊಟ್ಟು, ಆಲೂಗಡ್ಡೆ ಸಿಪ್ಪೆ, ಕಾಫಿ ಗಷ್ಟು ತುಂಬಿದ ನನ್ನ ಕಸದ ಮಡಕೆಗೆ ಒಬ್ಬರು ಕೈ ಮುಗಿದರು. ಮೂಗಿನ ಮೇಲಿನ ನೊಣವೂ ಒಂದು ಕ್ಷಣ ಕೈ ಉಜ್ಜುವುದನ್ನು ನಿಲ್ಲಿಸಿದಂತೆ ನನಗನ್ನಿಸಿತು.

ಅಜ್ಜಿಯನ್ನು ಕೆಳಗಿಳಿಸಿ ಬಂದ ಬಸವರಾಜ ನೇರವಾಗಿ ಟ್ಯಾಂಕಿನ ಮುಂದೆ ನಿಂತ.

"ಸರ, ಹೊರಗ ಬರ್ರಿ. ಚಾ ಮಾಡ್ತೀನಿ. ನಿಮ್ಮ ಚೀಲ ಕಾಣಸಾಕತ್ತೈತಿ."

ಟಿಫನ್ ಚೀಲದ ಹಿಡಿ ಸಂದಿಯಿಂದ ಹೊರಗೆ ಇಣುಕಿತ್ತು. ಎಲೆ ಜಾಡಿಸಿಕೊಂಡು ಹೊರಬಂದು, ಅವನ ಕೋಣೆಯ ಹೊಸ್ತಿಲ ಮೇಲೆ ಕೂತು, ಚಹಾದ ಲೋಟವನ್ನೇ ನೋಡುತ್ತ, ಮೊದಲೇ ಹೇಳಬಹುದಿತ್ತಲ್ಲ ಎಂದೆ. ನನ್ನ ದನಿ ನನಗೇ ಕ್ಷೀಣವಾಗಿ ಕೇಳಿಸಿತು.

"ನೀವು ಕೇಳಿದ್ದು ನಾ ಹಾಕೀನೇನು ಅಂತ್ರಿ. ನಾ ಹಾಕಿದ್ದಿಲ್ಲ. ಯಾರು ಹಾಕ್ಯಾರ ಅಂತ ಕೇಳಿದ್ರ ಸುಳ್ಳು ಹೇಳಬೇಕಾಕ್ಕಿತ್ತು." ಅವನು ತನ್ನ ಲೋಟಕ್ಕೂ ಚಹಾ ಬಗ್ಗಿಸಿಕೊಂಡ. "ನಮ್ಮ ಅವ್ವನೂ ಪತ್ರಿ ತುಳಿಯೋ ಜಾಗದಾಗ ಒಗೆಯಂಗಿಲ್ರಿ."

ನನ್ನ ಅನುಮಾನ ಅಕ್ಷರಶಃ ಸರಿಯಾಗಿತ್ತು. ಕಲ್ಲು ಎತ್ತಿದ್ದು ಇವನೇ. ಹೊರಗಿನವರು ಏನನ್ನೋ ಹಾಕುತ್ತಿದ್ದದ್ದೂ ನಿಜ. ಒಂದೊಂದು ಸುಳಿವನ್ನೂ ನಾನು ಸರಿಯಾಗಿ ಹಿಡಿದಿದ್ದೆ; ಒಟ್ಟು ಸೇರಿಸಿದಾಗ ಮಾತ್ರ ಎಲ್ಲವೂ ತಪ್ಪಾಗಿತ್ತು. ಅನುಮಾನದ ಕಣ್ಣು ಚುರುಕು ಎನ್ನುತ್ತಾರೆ. ಚುರುಕೇ, ಆದರೆ ಅದು ನೊಣದ ಕಣ್ಣಿನ ಚುರುಕು: ಎಲ್ಲಿ ಕೊಳೆತಿದೆ ಎಂಬುದನ್ನು ಊರಾಚೆಯಿಂದ ಕಂಡುಹಿಡಿಯುತ್ತದೆ, ಆ ಕೊಳೆತದ್ದರ ಮೇಲೆ ಬಿದ್ದ ಹೂವು ಯಾರದ್ದೆಂದು ಅದಕ್ಕೆ ಬೇಕಾಗಿಲ್ಲ. ಕಸ, ಎಂಜಲು, ನಿರ್ಮಾಲ್ಯ ಎಂದು ನಾವು ಬೇರೆಬೇರೆ ಹೆಸರಿಟ್ಟು ಬೇರೆಬೇರೆ ಕೈಯಲ್ಲಿ ಮುಟ್ಟುವ ಪದಾರ್ಥಗಳೆಲ್ಲ ಆ ಗುಡಾಣದ ಕತ್ತಲಲ್ಲಿ ಪಕ್ಕಪಕ್ಕದಲ್ಲಿ ಮಲಗಿ ಬಿಸಿಯಾಗಿ ಕಪ್ಪಾಗುತ್ತಿದ್ದವು. ನಾನು ಮೂಸಿ ಹಿಗ್ಗಿದ ಮೊದಲ ಮಳೆಯ ವಾಸನೆಯಲ್ಲಿ ಎಷ್ಟು ಪಾಲು ನನ್ನ ಬದನೆತೊಟ್ಟಿನದು, ಎಷ್ಟು ಪಾಲು ಅವರ ಬಿಲ್ವಪತ್ರೆಯದು ಎಂದು ಯಾವ ತಪಾಸಣೆಗಾರ ಬಿಡಿಸಿ ಹೇಳಬಲ್ಲ?

ಈಗ ನನ್ನೆದುರು ಇದ್ದ ತೊಡಕು ನೊಣಕ್ಕಿಂತ ದೊಡ್ಡದು. ಮಂಜುಳಾಗೆ ನಿಜ ಹೇಳಿದರೆ ಗುಡಾಣ ನಿರ್ದೋಷಿಯಾಗುತ್ತದೆ, ಆದರೆ ನಂಜಮ್ಮನವರು ಸೊಸೆಯೆದುರು ಕಳ್ಳರಾಗುತ್ತಾರೆ. ಹೇಳದೆ ಸುಮ್ಮನಿದ್ದರೆ ಗುಡಾಣ ಹೋಗುತ್ತದೆ. ಅದರ ಜೊತೆಗೆ ಈ ಮನೆಯಲ್ಲಿ ಉಳಿದಿದ್ದ ಅಂಗೈ ಅಗಲದ ಮಣ್ಣೂ ಹೋಗುತ್ತದೆ. ಉಳಿದದ್ದು ಒಂದೇ ದಾರಿ. ಯಾರನ್ನೂ ಹಿಡಿದುಕೊಡದೆ ನೊಣವನ್ನು ಓಡಿಸಬೇಕು.

ಬಸವರಾಜ ಪಾಳಿಗೆ ಹೊರಡುವ ಮುಂಚೆಯೇ ಅವನೂ ನಾನೂ ಸೇರಿ ಕೆಲಸಕ್ಕೆ ನಿಂತೆವು. ಜಿನುಗುತ್ತಿದ್ದ ಮೇಲ್ಪದರವನ್ನು ಕೋಲಿನಿಂದ ಮಗುಚಿ, ಚೀಲದಲ್ಲಿದ್ದ ಒಣ ಎಲೆಯನ್ನೆಲ್ಲ ಬೆರೆಸಿ, ಮೇಲೆ ಹಳೆಯ ಗೊಬ್ಬರವನ್ನೇ ದಪ್ಪಗೆ ಹಾಸಿ, ಗುಡಾಣದ ಬಾಯಿಗೆ ನನ್ನ ಹಳೆಯ ಪಂಚೆಯ ತುಂಡನ್ನು ಬಿಗಿದೆವು. ಗುಡಾಣದ ಪಕ್ಕದಲ್ಲಿ ಎಲೆ ತುಂಬಿದ ಬುಟ್ಟಿಯೊಂದನ್ನು ಇಟ್ಟೆ. ಹೂವು ಹಾಕಿದ ಮೇಲೆ ಎರಡು ಹಿಡಿ ಎಲೆ ಮುಚ್ಚಬೇಕು, ಪಂಚಾಮೃತವಿದ್ದರೆ ಇನ್ನೂ ಒಂದು ಹಿಡಿ ಹೆಚ್ಚಿಗೆ. ಇದು ನಿನ್ನದೇ ಮಾತೆಂಬಂತೆ ಅಜ್ಜಿಗೆ ಹೇಳು ಎಂದು ಅವನಿಗೆ ಒಪ್ಪಿಸಿದೆ. ಇನ್ನೊಂದು ಸಂಗತಿಯೂ ಇತ್ತು. ಎಂಜಲು ಹಾಕಲ್ಲ ತಾನೇ ಎಂದು ಅವರು ಕೇಳಿದ್ದು ಕಿವಿಯಲ್ಲೇ ಉಳಿದಿತ್ತು. ಅಂದಿನಿಂದ ಹಳಸಿದ ಅನ್ನ ಸಾರು ಆ ಕಡೆ ಸುಳಿಯಲಿಲ್ಲ. ಜೀವಮಾನವಿಡೀ ಮಡಿ ಎಂದರೆ ಮೂಗು ಮುರಿದವನು ಕಸಕ್ಕೆ ಮಡಿ ಪಾಲಿಸತೊಡಗಿದೆ. ನೊಣಕ್ಕೆ ಇದರಿಂದ ಬೇಜಾರಾಯಿತು ಎಂದು ಕಾಣುತ್ತದೆ. ಹಬ್ಬದ ಹೊತ್ತಿಗೆ ಹೊಗೆ ಕರಗಿ ಅಲ್ಲೊಂದು ಇಲ್ಲೊಂದು ಚುಕ್ಕೆಯಾಯಿತು.

"ಸಿಕ್ಕಿದ್ನಾ ಕಳ್ಳ?" ಎಂದು ಸರೋಜ ಕೇಳಿದಳು.

"ಯಾರೂ ಇಲ್ಲ. ನಂದೇ ತಪ್ಪು. ಎಲೆ ಕಡಿಮೆ ಹಾಕ್ತಿದ್ದೆ," ಎಂದೆ.

ಅವಳು ಒಬ್ಬಟ್ಟು ತಟ್ಟುವುದನ್ನು ನಿಲ್ಲಿಸಿ, ನನ್ನನ್ನು ಬಹಳ ಹೊತ್ತು ಗಮನಿಸಿದಳು. ಮದುವೆಯಾದಂದಿನಿಂದ ಆ ವಾಕ್ಯ ನನ್ನ ಬಾಯಲ್ಲಿ ಬಂದದ್ದು ಅದೇ ಮೊದಲಾದ್ದರಿಂದ ಇದರಲ್ಲೇನೋ ಇದೆ ಎಂದು ಅವಳಿಗೆ ಗುಮಾನಿ ಹತ್ತಿತು. ಅದು ಇನ್ನೂ ಪೂರ್ತಿ ಹೋಗಿಲ್ಲ. ಮಂಜುಳಾ ಬಾಗಿನ ಕೊಡಲು ಬಂದವಳು ತಾರಸಿಯನ್ನೊಮ್ಮೆ ಸುತ್ತಿ ನೋಡಿ, ಪರವಾಗಿಲ್ಲ ಅಂಕಲ್ ಎಂದು ಇಳಿದುಹೋದಳು. ಅದರ ಮರುವಾರ ಶೇಂಗಾ ಹಿಂಡಿ ಬಂತು.

ಗುಂಡುಕಲ್ಲು ಈಗಲೂ ಅದೇ ಜಾಗದಲ್ಲಿದೆ. ಬಸವರಾಜ ರಜೆಗೆ ಊರಿಗೆ ಹೋದಾಗ ಅಜ್ಜಿ ಅದನ್ನು ಒಬ್ಬರೇ ಎತ್ತಲು ಹೋದರೆ ಏನು ಗತಿ ಎಂಬ ಹೊಸ ಚಿಂತೆ ಹುಟ್ಟಿದ್ದರಿಂದ, ಭಾನುವಾರ ಸಂಜೆ ನಾನೇ ಅದನ್ನು ಇಳಿಸಿ, ಹಗುರವಾದ ಒಂದು ಹಾಸುಬಿಲ್ಲೆಯನ್ನು ಇಟ್ಟು, ಸೋಮವಾರ ಸಂಜೆ ಮತ್ತೆ ಕಲ್ಲನ್ನು ಏರಿಸುತ್ತೇನೆ. ಬಿಲ್ಲೆಗೂ ಒಂದು ಮೂಲೆಯಲ್ಲಿ ಚಕ್ಕೆ ಎದ್ದಿದೆ. ಅದನ್ನು ಟ್ಯಾಂಕಿನ ಕಡೆಗೇ ಇಡುತ್ತೇನೆ, ಹುಟ್ಟುಗುಣ. ಸಂಜೆ ಬಂದು ನೋಡಿದಾಗ ಅದು ತಿರುಗಿದ್ದರೆ, ಅಜ್ಜಿ ಮೆಟ್ಟಿಲು ಹತ್ತಿದ್ದಾರೆ, ಮಂಡಿ ನೋವು ಹೆಚ್ಚಿಲ್ಲ ಎಂದು ನೆಮ್ಮದಿಯಿಂದ ಕಾಫಿ ಕುಡಿಯುತ್ತೇನೆ.

ಮೊನ್ನೆ ಒಂದು ಸೋಮವಾರ ಬಿಲ್ಲೆ ತಿರುಗಿರಲಿಲ್ಲ. ಪಂಚೆಯ ತುಂಡು ಇಟ್ಟ ಹಾಗೇ ಇತ್ತು. ಬುಟ್ಟಿಯ ಎಲೆ ತಗ್ಗಿರಲಿಲ್ಲ. ಹುಡುಕಿದರೂ ಒಂದು ನೊಣವಿರಲಿಲ್ಲ. ಯಾರೂ ಮುಟ್ಟದ ಗುಡಾಣವೆಂದರೆ ಅಜ್ಜಿ ಮೆಟ್ಟಿಲು ಹತ್ತಿಲ್ಲ. ಕಾಫಿ ಬಿಟ್ಟು ಕೆಳಗಿಳಿದು, ಬಾಗಿಲು ತಟ್ಟಿ, ತೆರೆದದ್ದು ನಂಜಮ್ಮನವರೇ ಎಂದು ಕಂಡ ಮೇಲೆ ಏನು ಹೇಳಬೇಕೆಂದು ತೋಚದೆ, ಅಮ್ಮಾ, ನಿಮಗೆ ಕಾವೇರಿ ನೀರು ಬಂತಾ ಎಂದು ಕೇಳಿದೆ. ಮಳೆಯಲ್ಲಿ ನೆನೆದು ನೆಗಡಿಯಾಗಿ ಮೂಗು ಒರೆಸಿಕೊಳ್ಳುತ್ತಿದ್ದ ಅವರು ನನ್ನನ್ನು ಮೇಲಿನಿಂದ ಕೆಳಗಿನ ತನಕ ನೋಡಿದರು. ನನ್ನ ಹಿಂದೆಯೇ ಅಂಗಳದಲ್ಲಿ ಸಂಪ್ ತುಂಬಿ ಬಿಲ್ಲೆಗಳ ಮೇಲೆ ನೀರು ಹರಿಯುತ್ತಿತ್ತು.

"ಹರೀತಾ ಇರೋದು ಕಾಣಲ್ವೇನಪ್ಪ?" ಎಂದರು. ಆಮೇಲೆ ಕಣ್ಣು ಕಿರಿದು ಮಾಡಿ, "ಏನ್ ಸಮಾಚಾರ? ಯಾತಕ್ಕೋ ಬಂದಿದೀಯ ನೀನು."

ಏನಿಲ್ಲಮ್ಮಾ ಎಂದು ಮೇಲೆ ಬಂದೆ. ಅವರ ಅನುಮಾನದ ನೋಟ ಮೆಟ್ಟಿಲಿನ ತಿರುವಿನ ತನಕ ನನ್ನ ಬೆನ್ನಿಗೆ ಅಂಟಿಕೊಂಡೇ ಬಂತು, ಬೆಲ್ಲಕ್ಕೆ ನೊಣ ಬಂದ ಹಾಗೆ. ತಾರಸಿಗೆ ಹೋಗಿ ಗುಂಡುಕಲ್ಲನ್ನು ಗುಡಾಣದ ಮೇಲೆ ಏರಿಸಿದೆ. ಚಕ್ಕೆ ಯಾವ ಕಡೆಗೆ ಬಂತೋ ಅಂದು ನೋಡಲಿಲ್ಲ.